ಕೋವಿಯ ಖಾಲಿ ತೋಟೆಗೆ ಮನೆಯಲ್ಲೇ ಮದ್ದು ತುಂಬಿದರೆ ದುಡ್ಡು ಉಳಿಯುತ್ತದಾ?

ಕೇಳಿದವರು, ಬಾಯಾರು:
ಅಪ್ಪನ ತೋಟೆಕೋವಿ ಈಗ ನನ್ನ ಲೈಸೆನ್ಸಿಗೆ ಬಂದಿದೆ, ನಳಿಗೆಯ ಅಳತೆ 12 ಬೋರು. ಹಂದಿ ಕಾಟಕ್ಕೆ ಅಂತ ಇಟ್ಟದ್ದು. ತೋಟೆಗೆ ರೇಟು ಜಾಸ್ತಿ, ಬೇಕಾದಾಗ ಸಿಗುವುದೂ ಇಲ್ಲ. ಅಮೆರಿಕದಲ್ಲಿ ಖಾಲಿ ತೋಟೆಗೆ ಮನೆಯಲ್ಲೇ ಮತ್ತೆ ಮದ್ದು, ಚರೆ (ಸಣ್ಣ ಸಣ್ಣ ಗುಂಡುಗಳು) ತುಂಬುವ ವಿಡಿಯೋ ನೋಡಿದೆ. ಹವ್ಯಾಸವೂ ಆಯಿತು, ಖರ್ಚೂ ಉಳಿಯಿತು ಅಂತ ಕಾಣುತ್ತದೆ. ಲೆಕ್ಕ ಗೊತ್ತಿದ್ದವರು ಹೇಳಿ.

ಪೆರ್ಲದಿಂದ:
ಅಣ್ಣಾ, ಇಲ್ಲಿ ಅದಕ್ಕೆ ಕೈ ಹಾಕಲೇಬೇಡಿ. ನಮ್ಮ ಹತ್ತಿರ ಇರುವುದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್. ತೋಟೆ ತಯಾರಿಸುವ ಲೈಸೆನ್ಸ್ ಬೇರೆಯೇ. ಅದಿಲ್ಲದೆ ತಯಾರಿಸಿದರೆ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನಿಗೆ ವಿರುದ್ಧ. ತೋಟೆಯ ಬಿಡಿಭಾಗ, ತಯಾರಿಸುವ ಯಂತ್ರ ಎಲ್ಲವನ್ನೂ ಆ ಕಾಯ್ದೆ ಮದ್ದುಗುಂಡಿನ ಸಾಲಿಗೇ ಸೇರಿಸಿದೆ. ಅಂದರೆ ಸುಮ್ನೆ ಯಂತ್ರ ತರಿಸಿ ಇಟ್ಟರೂ ತೊಂದರೆಯೇ.

ಇನ್ನು ಲೆಕ್ಕ. ತಂಗಿಯ ಬಾಣಂತನಕ್ಕೆ ಅಮ್ಮನನ್ನು ಕರೆದುಕೊಂಡು ಟೆಕ್ಸಾಸಿಗೆ ಹೋಗಿದ್ದೆ, ನಾಲ್ಕು ತಿಂಗಳು ಅಲ್ಲೇ ಇದ್ದೆ. ಭಾವನಿಗೆ ಇದೇ ಹುಚ್ಚು, ಕಾರು ನಿಲ್ಲಿಸುವ ಕೋಣೆಯಲ್ಲಿ ಮೇಜು ಹಾಕಿ ರಾತ್ರಿ ಊಟ ಆದ ಮೇಲೆ ಕೂರುತ್ತಿದ್ದರು, ನಾನೂ ಪಕ್ಕದಲ್ಲಿ ಕೂತು ಅವರ ಬಿಲ್ಲುಗಳನ್ನೆಲ್ಲ ನೋಡಿ ಬರೆದುಕೊಂಡಿದ್ದೆ. ಪಿಸ್ತೂಲಿನ 9 ಮಿ.ಮೀ. ಗುಂಡಿಗೆ ಕೇಪು (ಮದ್ದಿಗೆ ಕಿಡಿ ಹಚ್ಚುವ ಸಣ್ಣ ಬಿಲ್ಲೆ) 7 ಸೆಂಟ್, ಮುಂದೆ ಹಾರುವ ಸೀಸದ ತಲೆ 10 ಸೆಂಟ್, ಮದ್ದು 3 ಸೆಂಟ್. ಹಿತ್ತಾಳೆ ಕೊಳವೆ ಗುರಿ ಅಭ್ಯಾಸದ ರೇಂಜಿನಲ್ಲಿ ಹೆಕ್ಕಿ ತಂದದ್ದು, ಅದಕ್ಕೆ ಖರ್ಚಿಲ್ಲ. ಒಟ್ಟು 20 ಸೆಂಟ್. ಅಂಗಡಿಯಲ್ಲಿ 50ರ ಪೆಟ್ಟಿಗೆಗೆ 14 ಡಾಲರ್, ಅಂದರೆ ಒಂದಕ್ಕೆ 28. ಉಳಿದದ್ದು 8 ಸೆಂಟ್. ಒತ್ತುವ ಯಂತ್ರ, ಅಚ್ಚು, ತಕ್ಕಡಿ, ಕೊಳವೆ ತೊಳೆಯುವ ಡ್ರಮ್ ಎಲ್ಲ ಸೇರಿ ಅವರಿಗೆ 480 ಡಾಲರ್ ಆಗಿತ್ತು. ಅದು ವಾಪಸ್ ಬರಬೇಕಾದರೆ 6000 ಗುಂಡು ಹೊಡೆಯಬೇಕು!

ನಿಮಗೆ ಬೇಕಾದದ್ದು 12 ಬೋರು. ಅದರಲ್ಲಿ ಇನ್ನೂ ಕಡಿಮೆ. ಚರೆ ಅಲ್ಲಿ 25 ಪೌಂಡಿನ ಚೀಲದಲ್ಲಿ ಬರುತ್ತದೆ. ಒಂದು ತೋಟೆಗೆ ಒಂದು ಔನ್ಸ್ ಹಾಕಿದರೆ ಚೀಲಕ್ಕೆ 400 ತೋಟೆ. ಚೀಲಕ್ಕೆ 52 ಡಾಲರ್, ಹಾಗಾಗಿ ಚರೆಗೇ 13 ಸೆಂಟ್ ಹೋಯಿತು. ಕೇಪು, ಮದ್ದು, ಮದ್ದಿಗೂ ಚರೆಗೂ ನಡುವಿನ ಪ್ಲಾಸ್ಟಿಕ್ ಬಟ್ಟಲು ಸೇರಿ ಮತ್ತೆ 20. ಒಟ್ಟು 33. ಗುರಿ ಅಭ್ಯಾಸದ ಹೊಸ ತೋಟೆಯೇ 38ಕ್ಕೆ ಸಿಗುತ್ತಿತ್ತು. ಆರಾಮವಾಗಿ ಕೂತು ಗಂಟೆಗೆ ನೂರು ತುಂಬಿದರೆ ಉಳಿದದ್ದು 5 ಡಾಲರ್. ಖಾಲಿ ತೋಟೆಯ ಬಾಯಿಯೂ ನಾಲ್ಕಾರು ಸಲ ತುಂಬುವಷ್ಟರಲ್ಲಿ ಸೀಳುತ್ತದೆ.

ನಾವು ವರ್ಷಕ್ಕೆ ಎಷ್ಟು ಹೊಡೆಯುತ್ತೇವೆ ಹೇಳಿ? ನನ್ನದು ಕಳೆದ ವರ್ಷ ಹನ್ನೊಂದು.

ಕುಂಬಳೆಯವ, ಈಗ ಒಹಾಯೊದಲ್ಲಿ:
ಪೆರ್ಲದವರ ಲೆಕ್ಕ ಸರಿ ಇದೆ. ದೊಡ್ಡ ರೈಫಲಿನ ಗುಂಡಿನಲ್ಲಿ ಮಾತ್ರ ನಿಜವಾಗಿ ಉಳಿಯುತ್ತದೆ, ಅಂಗಡಿಯಲ್ಲಿ ಒಂದೂವರೆ ಡಾಲರ್ ಕೊಡುವುದು ನನಗೆ 80 ಸೆಂಟಿನಲ್ಲಿ ಆಗುತ್ತದೆ. ಆದರೆ ಉಳಿದ ದುಡ್ಡು ಜೇಬಿಗೆ ಬರಲಿಲ್ಲ, ಮೊದಲು ತಿಂಗಳಿಗೆ 50 ಹೊಡೆಯುತ್ತಿದ್ದವನು ಈಗ 100 ಹೊಡೆಯುತ್ತೇನೆ. 2020, 21ರಲ್ಲಿ ಕೇಪೇ ಸಿಗುತ್ತಿರಲಿಲ್ಲ, ಸಿಕ್ಕಿದರೂ ಎರಡು ಮೂರು ಪಟ್ಟು ಬೆಲೆ, ಯಂತ್ರಕ್ಕೆ ಬಟ್ಟೆ ಮುಚ್ಚಿ ಇಟ್ಟಿದ್ದೆ. ನನಗೆ ಅದರಲ್ಲಿ ಖುಷಿ ಇದೆ. ಒಂದೊಂದನ್ನೂ ತೂಗಿ ತುಂಬಿದ ಗುಂಡು ಒಂದೇ ಕಡೆ ಹೋಗಿ ಬೀಳುತ್ತದೆ, ಅದಕ್ಕಾಗಿ ಮಾಡುತ್ತೇನೆ. ಉಳಿತಾಯಕ್ಕೆ ಅಂತ ಯಾರಿಗೂ ಹೇಳುವುದಿಲ್ಲ.

ಮುಳ್ಳೇರಿಯದಿಂದ:
ನನ್ನ ಅಜ್ಜನದ್ದು ಕೇಪಿನ ಕೋವಿ, ನಳಿಗೆಯ ಬಾಯಿಯಿಂದಲೇ ಮದ್ದು ತುಂಬಿಸುವಂಥದ್ದು. ಒಮ್ಮೆ ಈಡು ತುಂಬಿಸಿ ಇಟ್ಟದ್ದು ಮರೆತು ಅದರ ಮೇಲೆ ಇನ್ನೊಮ್ಮೆ ತುಂಬಿಸಿದರು. ನಳಿಗೆ ಸೀಳಿ ಎಡಗೈಯ ಎರಡು ಬೆರಳು ಹೋಯಿತು. ಅಡಿಕೆ ಸುಲಿಯುವಾಗ ಆ ಕೈ ನೋಡಿಯೇ ನಾನು ಬೆಳೆದದ್ದು. ತೋಟೆಯಲ್ಲೂ ಅಷ್ಟೇ ಅಲ್ವಾ, ಮದ್ದು ಎರಡು ಸಲ ಬಿದ್ದರೆ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ದಯವಿಟ್ಟು ಬೇಡ ಅಣ್ಣಾ.

ಅಡೂರಿನಿಂದ:
ಖರ್ಚು ಉಳಿಸಬೇಕಾದರೆ ಇದ್ದ ತೋಟೆ ಹಾಳಾಗದ ಹಾಗೆ ನೋಡಿಕೊಳ್ಳಿ. ನಮ್ಮ ಮಳೆಗೆ ಅಟ್ಟದಲ್ಲಿ ಇಟ್ಟದ್ದು ತಂಡಿ ಹಿಡಿಯುತ್ತದೆ. ನಾನು ಒಂದು ವರ್ಷ ಎಂಟು ತೋಟೆ ಹಾಗೇ ಕಳೆದುಕೊಂಡೆ, ಕುದುರೆ ಬಿದ್ದರೂ ಸದ್ದಿಲ್ಲ. ಹಾಗೆ ಆದರೆ ತೋಟೆ ತೆಗೆಯಲು ಕೋವಿ ಕೂಡಲೇ ಮಡಚಬೇಡಿ, ತಡವಾಗಿ ಸಿಡಿಯುವುದುಂಟು. ನಳಿಗೆ ಮಣ್ಣಿನ ಗುಡ್ಡೆಯ ಕಡೆಗೇ ಇಟ್ಟು ಅರ್ಧ ನಿಮಿಷವಾದರೂ ಕಾಯಿರಿ. ಈಗ ಗಾಳಿ ಹೋಗದ ಡಬ್ಬದಲ್ಲಿ, ತೇವ ಹೀರುವ ಪೊಟ್ಟಣ ಹಾಕಿ, ಬೀಗದ ಕಪಾಟಿನಲ್ಲಿ ಇಡುತ್ತೇನೆ. ಡಬ್ಬದ ಮೇಲೆ ತಂದ ತಿಂಗಳು ಬರೆದು, ಹಳೆಯದನ್ನೇ ಮೊದಲು ತೆಗೆಯುತ್ತೇನೆ.

ಮತ್ತೆ ಹಂದಿ ಕಂಡ ಕೂಡಲೇ ಹೊಡೆಯಬೇಡಿ. ನಮ್ಮ ಕೇರಳದಲ್ಲಿ 2022ರಿಂದ ಅದಕ್ಕೆ ಅನುಮತಿ ಕೊಡುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗೆ ಇದೆ. ಲೈಸೆನ್ಸ್ ಇದ್ದವರ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಲು ಪಂಚಾಯತ್ ಆಫೀಸಿನಲ್ಲಿ ಕೇಳಿ.

ಕೇಳಿದವರು, ಬಾಯಾರು:
ಯಂತ್ರದ ಯೋಚನೆ ಬಿಟ್ಟೆ. ನಾಳೆ ಅಟ್ಟದಿಂದ ತೋಟೆ ಇಳಿಸಿ ನೋಡುತ್ತೇನೆ, ಅಪ್ಪ ತಂದದ್ದೂ ಕೆಲವು ಇವೆ. ಬೂಷ್ಟು ಹಿಡಿದದ್ದನ್ನು ಏನು ಮಾಡುವುದು?

ಅಡೂರಿನಿಂದ:
ಹೊಡೆಯಬೇಡಿ, ಬಿಚ್ಚಬೇಡಿ, ಎಸೆಯಲೂ ಬೇಡಿ. ಲೈಸೆನ್ಸ್ ಪುಸ್ತಕ ಹಿಡಿದುಕೊಂಡು ಹೋಗಿ ಮೊದಲು ಸ್ಟೇಷನ್ನಿನಲ್ಲಿ ಕೇಳಿ. ಅವರು ಹೇಳಿದ ಹಾಗೆ ಒಪ್ಪಿಸಿ, ರಶೀದಿ ತೆಗೆದುಕೊಳ್ಳಿ.