ವಾಲ್‌ಮಾರ್ಟ್‌ನ ಧ್ಯೇಯದಿಂದ ಗ್ರಾಹಕರಿಗೆ ಸಿಕ್ಕಿದ್ದೇನು, ನೌಕರರಿಗೆ ಸಿಕ್ಕಿದ್ದೇನು?

ಪ್ರಶ್ನೆ
ವಾಣಿಜ್ಯ ಉಪನ್ಯಾಸಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ನಿರ್ವಹಣಾಶಾಸ್ತ್ರ ಕಲಿಸುತ್ತೇನೆ. ಕಂಪನಿಗಳ ಧ್ಯೇಯೋದ್ದೇಶಗಳ ಪಾಠ ಬಂದಾಗ ಅಮೆರಿಕದ ಚಿಲ್ಲರೆ ಮಾರಾಟ ಮಳಿಗೆಗಳ ಕಂಪನಿ ವಾಲ್‌ಮಾರ್ಟ್‌ನ ಉದಾಹರಣೆ ಕೊಡುವುದು ನನ್ನ ರೂಢಿ, ಏಕೆಂದರೆ ಅದು ಚಿಕ್ಕದು, ನೇರವಾದದ್ದು, ಪರೀಕ್ಷೆಯ ದಿನದವರೆಗಾದರೂ ಮಕ್ಕಳ ನೆನಪಿನಲ್ಲಿ ಉಳಿಯುವಂಥದ್ದು: ಜನರ ಹಣ ಉಳಿಸಿಕೊಟ್ಟು ಅವರ ಬದುಕು ಹಸನಾಗುವಂತೆ ಮಾಡುವುದು. ಸಂಸ್ಥಾಪಕ ಸ್ಯಾಮ್ ವಾಲ್ಟನ್ 1992ರ ಮಾರ್ಚ್‌ನಲ್ಲಿ, ತೀರಿಕೊಳ್ಳುವುದಕ್ಕೆ ಕೆಲವೇ ವಾರಗಳ ಮೊದಲು, ಅಮೆರಿಕದ ಅಧ್ಯಕ್ಷರಿಂದ ಪದಕ ಸ್ವೀಕರಿಸುವಾಗ ಆಡಿದ ಮಾತಿನ ಸಾರ ಇದು. 2007ರಲ್ಲಿ ಕಂಪನಿಯು 'ಸದಾ ಕಡಿಮೆ ಬೆಲೆ' ಎಂಬ ಹಳೆಯ ಘೋಷಣೆಯನ್ನು ಕೈಬಿಟ್ಟು ಇದನ್ನೇ ಘೋಷಣೆಯಾಗಿಸಿಕೊಂಡಿತು.

ಈ ಸಲ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ, ಗಿರಾಕಿಯ ದುಡ್ಡು ಉಳಿಯುವುದು ಸರಿ, ಆದರೆ ಆ ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರಿಗೆ ಇದರಿಂದ ಏನು ಸಿಗುತ್ತದೆ ಎಂದು ಕೇಳಿದಳು. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಜಗತ್ತಿನಾದ್ಯಂತ ಸುಮಾರು 21 ಲಕ್ಷ ಮಂದಿಗೆ ಸಂಬಳ ಕೊಡುವ ಸಂಸ್ಥೆಯ ವಿಷಯದಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ ಎಂದು ನನಗೂ ಅನ್ನಿಸಿತು. ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲವರು, ಹೊಗಳಿಕೆ ಅಥವಾ ತೆಗಳಿಕೆಯಲ್ಲೇ ಮುಗಿಸದೆ, ನಡೆದ ಸಂಗತಿಗಳನ್ನು ಮುಂದಿಟ್ಟು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1
ನಿವೃತ್ತ ಲೆಕ್ಕಪರಿಶೋಧಕ, ಮೈಸೂರು

ಮೇಡಂ, ಮೊದಲು ಗ್ರಾಹಕರ ಕಡೆಯ ಲೆಕ್ಕವನ್ನು ನೋಡೋಣ. ಅಲ್ಲಿ ಕಂಪನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದಿದ್ದರೆ ಮುಂದಿನ ಮಾತಿಗೆ ತೂಕ ಬರುವುದಿಲ್ಲ. ವಾಲ್ಟನ್ 1962ರಲ್ಲಿ ಅರ್ಕಾನ್ಸಾ ರಾಜ್ಯದ ರೋಜರ್ಸ್ ಎಂಬ ಸಣ್ಣ ಊರಿನಲ್ಲಿ ಮೊದಲ ಅಂಗಡಿ ತೆರೆದಾಗ, ದೊಡ್ಡ ಸರಪಳಿ ಮಳಿಗೆಗಳು ತಿರುಗಿಯೂ ನೋಡದ ಇಂತಹ ಊರುಗಳಲ್ಲಿ ಪ್ರತಿ ವಸ್ತುವಿನ ಮೇಲೆ ಕಡಿಮೆ ಲಾಭ ಇಟ್ಟುಕೊಂಡು ಹೆಚ್ಚು ಮಾರಿದರೆ ಒಟ್ಟು ಲಾಭ ಜಾಸ್ತಿಯಾಗುತ್ತದೆ ಎಂಬುದೇ ಅವರ ಎಣಿಕೆಯಾಗಿತ್ತು. ಸ್ವಂತ ಗೋದಾಮು, ಸ್ವಂತ ಲಾರಿಗಳು, ಯಾವ ಅಂಗಡಿಯಲ್ಲಿ ಯಾವ ಸರಕು ಎಷ್ಟು ಖರ್ಚಾಯಿತು ಎಂಬುದು ಪೂರೈಕೆದಾರನಿಗೂ ಕಾಣುವಂಥ ಗಣಕ ವ್ಯವಸ್ಥೆ, ಇವೆಲ್ಲ ಸೇರಿ ಬೆಲೆ ಇಳಿಸಿದವು. ಈ ಉಳಿತಾಯ ಯಾರ ಹೊಟ್ಟೆಯ ಮೇಲೂ ಹೊಡೆದು ಬಂದದ್ದಲ್ಲ. 2006ರಲ್ಲಿ ಫ್ಲಾರಿಡಾದ ಟ್ಯಾಂಪಾದಿಂದ ಆರಂಭಿಸಿ, ನಿತ್ಯ ಬಳಕೆಯ ಹಲವು ಜೆನರಿಕ್ ಔಷಧಿಗಳನ್ನು ಒಂದು ತಿಂಗಳಿಗೆ ಕೇವಲ 4 ಡಾಲರಿನಂತೆ ಕೊಡತೊಡಗಿದ್ದು ಕೂಡ ವಿಮೆಯಿಲ್ಲದ ರಕ್ತದೊತ್ತಡದ ರೋಗಿಗೆ ನಿಜವಾದ ಉಪಕಾರವೇ.

ಆದರೆ ಬೆಲೆ ಇಳಿಸುವುದಕ್ಕೆ ಬೇರೆ ದಾರಿಗಳೂ ಇವೆ. 1990ರ ದಶಕದ ಕೊನೆಯಲ್ಲಿ ವ್ಲಾಸಿಕ್ ಎಂಬ ಕಂಪನಿಯ ಸೌತೆಕಾಯಿ ಉಪ್ಪಿನಕಾಯಿಯ ಒಂದು ಗ್ಯಾಲನ್ ಜಾಡಿ, ಅಂದರೆ ಸುಮಾರು 3.8 ಲೀಟರಿನ ಜಾಡಿ, ವಾಲ್‌ಮಾರ್ಟ್‌ನಲ್ಲಿ 2.97 ಡಾಲರಿಗೆ ಮಾರಾಟವಾಗುತ್ತಿತ್ತು. ಗಿರಾಕಿಗಳು ಮುಗಿಬಿದ್ದು ಕೊಂಡರು. ಪೂರೈಕೆದಾರನಿಗೆ ಜಾಡಿಯೊಂದರ ಮೇಲೆ ಸಿಗುತ್ತಿದ್ದದ್ದು ಬಿಡಿಗಾಸು. ಅದರ ಮೇಲೆ ಅವನ ಸಣ್ಣ ಬಾಟಲಿಗಳ ವ್ಯಾಪಾರವೂ ಬಿತ್ತು, ಏಕೆಂದರೆ ಅಗ್ಗದ ದೊಡ್ಡ ಜಾಡಿ ಮನೆಯಲ್ಲಿರುವಾಗ ಸಣ್ಣದನ್ನು ಯಾರೂ ಕೊಳ್ಳುವುದಿಲ್ಲ. ಅಷ್ಟು ದೊಡ್ಡ ಜಾಡಿಯನ್ನು ಖಾಲಿ ಮಾಡಲಾಗದೆ ಅರ್ಧ ಎಸೆದ ಮನೆಗಳೂ ಇದ್ದವು. ವ್ಲಾಸಿಕ್ 2001ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಅದಕ್ಕೆ ಹಳೆಯ ಸಾಲದ ಹೊರೆಯೂ ಕಾರಣವಾದ್ದರಿಂದ ಎಲ್ಲವನ್ನೂ ಆ ಜಾಡಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ನಾನು ನನ್ನ ವೃತ್ತಿಯಲ್ಲಿ ಕಲಿತದ್ದು ಇಷ್ಟೇ: ಯಾರಿಗಾದರೂ ಉಳಿತಾಯವಾಯಿತು ಎಂದು ಪುಸ್ತಕದಲ್ಲಿ ಕಂಡರೆ, ಅದು ದಕ್ಷತೆಯಿಂದ ಬಂತೋ ಇನ್ನೊಬ್ಬರ ಖಾತೆಯಿಂದ ಬಂತೋ ಎಂದು ಎದುರು ಪುಟ ತಿರುಗಿಸಿ ನೋಡಬೇಕು. ವಾಲ್‌ಮಾರ್ಟ್‌ನಲ್ಲಿ ಎರಡೂ ಇವೆ. ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಎರಡನೆಯದರ ಬಗ್ಗೆ.

ಉತ್ತರ 2
ಬೆಂಟನ್‌ವಿಲ್ ನಿವಾಸಿ, ಅರ್ಕಾನ್ಸಾ

ವಾಲ್‌ಮಾರ್ಟ್‌ನ ಕೇಂದ್ರ ಕಚೇರಿ ಇರುವ ಊರಿನಲ್ಲೇ ನಾನಿದ್ದೇನೆ. ತಂತ್ರಾಂಶದ ಕೆಲಸಕ್ಕೆಂದು ಬಂದ ಕನ್ನಡದ ಕುಟುಂಬಗಳು ಇಲ್ಲಿ ಸಾಕಷ್ಟಿವೆ. ನಾನು ಆ ಕಂಪನಿಯ ನೌಕರನಲ್ಲ, ಅಲ್ಲಿ ವಾರಕ್ಕೊಮ್ಮೆ ಸಾಮಾನು ತರುವ ಗಿರಾಕಿ ಮಾತ್ರ.

ಈಗಿನ ಅಂಗಡಿಯೊಳಗೆ ಹೋದರೆ, ನಿಮ್ಮಂತೆಯೇ ಗಾಡಿ ತಳ್ಳಿಕೊಂಡು ಸಾಲಿನಿಂದ ಸಾಲಿಗೆ ಓಡುತ್ತಿರುವವರಲ್ಲಿ ಹಲವರು ಗಿರಾಕಿಗಳಲ್ಲ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಗುತ್ತದೆ. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಆರ್ಡರ್ ಕೊಟ್ಟವರಿಗಾಗಿ ಸಾಮಾನು ಆರಿಸುವ ನೌಕರರು ಅವರು. ಗಾಡಿಯಲ್ಲಿ ಸಾಲಾಗಿ ಜೋಡಿಸಿದ ಪ್ಲಾಸ್ಟಿಕ್ ತೊಟ್ಟಿಗಳು, ಕೈಯಲ್ಲಿ ಮುಂದಿನ ವಸ್ತು ಯಾವ ಕಪಾಟಿನಲ್ಲಿದೆ ಎಂದು ತೋರಿಸುವ ಸಾಧನ. ಹಾಲಿನ ಡಬ್ಬಿ ಎತ್ತಿ, ಸ್ಕ್ಯಾನ್ ಮಾಡಿ, ತೊಟ್ಟಿಗಿಟ್ಟು ಮುಂದಕ್ಕೆ ಹೋಗುವಾಗ ಯಾರಾದರೂ ಅಡ್ಡ ನಿಲ್ಲಿಸಿ ಅರಿಸಿನ ಪುಡಿ ಎಲ್ಲಿದೆ ಎಂದು ಕೇಳಿದರೆ ಅವರು ನಕ್ಕು ತೋರಿಸುತ್ತಾರಾದರೂ, ಕಣ್ಣು ಆ ಪರದೆಯ ಮೇಲೆಯೇ ಇರುತ್ತದೆ. ಗ್ರಾಹಕನ ಅನುಕೂಲ ನೌಕರನ ಕಾಲಿನ ಮೇಲೆ ನಿಂತಿರುವುದನ್ನು ನೋಡಬೇಕೆಂದರೆ ಇಷ್ಟು ಸಾಕು.

ಆದರೂ ಚಿತ್ರ ಒಂದೇ ಬಣ್ಣದ್ದಲ್ಲ. ವಾಲ್ಟನ್ 1971ರಲ್ಲಿ ನೌಕರರಿಗೆ ಲಾಭದಲ್ಲಿ ಪಾಲು ಕೊಡುವ ಯೋಜನೆ ತಂದರು. ಹಿಂದಿನ ವರ್ಷವಷ್ಟೇ ಕಂಪನಿಯ ಷೇರು ಸಾರ್ವಜನಿಕರಿಗೆ ಬಂದಿತ್ತು. ಆರಂಭದಲ್ಲೇ ಸೇರಿ ದೀರ್ಘಕಾಲ ಉಳಿದ ಗುಮಾಸ್ತರು, ಲಾರಿ ಚಾಲಕರು ಆ ಷೇರುಗಳಿಂದಲೇ ಶ್ರೀಮಂತರಾದ ಕಥೆಗಳನ್ನು ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ, ಮತ್ತು ಅವು ಕಟ್ಟುಕಥೆಗಳಲ್ಲ. ಆ ಪಾಲು 2011ರಿಂದ ನಿಂತುಹೋಯಿತು.

2015ರಲ್ಲಿ ನಡೆದದ್ದನ್ನು ತಾವು ತರಗತಿಯಲ್ಲಿ ಖಂಡಿತ ಹೇಳಬೇಕು. ಆ ವರ್ಷ ಕಂಪನಿಯು ತನ್ನ ಕನಿಷ್ಠ ವೇತನವನ್ನು ಗಂಟೆಗೆ 9 ಡಾಲರಿಗೆ ಏರಿಸಿ, ಮರುವರ್ಷ 10 ಡಾಲರ್ ಮಾಡುವುದಾಗಿ ಹೇಳಿತು. ಅಂಗಡಿಗಳು ಕೊಳಕಾಗಿವೆ, ಕಪಾಟುಗಳು ಖಾಲಿ ಇವೆ, ವಿಚಾರಿಸಲು ಜನರಿಲ್ಲ ಎಂಬ ದೂರುಗಳು ಅಷ್ಟು ಹೊತ್ತಿಗೆ ಹೆಚ್ಚಾಗಿದ್ದವು. ಅಂದರೆ ನೌಕರರನ್ನು ಹಿಂಡಿದ್ದರ ಫಲ ಗ್ರಾಹಕರಿಗೂ ತಟ್ಟಿತ್ತು. ಅಕ್ಟೋಬರ್‌ನಲ್ಲಿ, ವೇತನ ಏರಿಕೆಯೂ ಸೇರಿದಂತೆ ಕೆಲವು ಕಾರಣಗಳಿಂದ ಮುಂದಿನ ವರ್ಷದ ಲಾಭ ಕುಸಿಯಲಿದೆ ಎಂದು ಕಂಪನಿ ತಿಳಿಸಿದ ದಿನವೇ ಅದರ ಷೇರು ಶೇಕಡ 10ರಷ್ಟು ಬಿದ್ದು, ಸುಮಾರು 2,000 ಕೋಟಿ ಡಾಲರಿನ ಮಾರುಕಟ್ಟೆ ಮೌಲ್ಯ ಕರಗಿತು. ಅಂದಿನ ಮುಖ್ಯಾಧಿಕಾರಿ ಡಗ್ ಮೆಕ್‌ಮಿಲನ್ ಹಿಂದೆ ಸರಿಯಲಿಲ್ಲ. ಕನಿಷ್ಠ ವೇತನ 2018ರಲ್ಲಿ 11 ಡಾಲರಿಗೂ 2023ರಲ್ಲಿ 14 ಡಾಲರಿಗೂ ಏರಿತು. ಅಮೆರಿಕ ಸರ್ಕಾರದ ಕನಿಷ್ಠ ವೇತನ 2009ರಿಂದ 7.25 ಡಾಲರಿನಲ್ಲೇ ನಿಂತಿದೆ ಎಂಬುದನ್ನೂ ಜೊತೆಗಿಟ್ಟು ನೋಡಿದರೆ ಇದು ಸಣ್ಣ ಹೆಜ್ಜೆಯಲ್ಲ.

ಉತ್ತರ 3
ಕಿರಾಣಿ ವ್ಯಾಪಾರಿ, ಶಿವಮೊಗ್ಗ

ಬೆಂಟನ್‌ವಿಲ್‌ನವರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಅವರು ಸ್ವಲ್ಪ ಉದಾರವಾಗಿದ್ದಾರೆ. ಧಣಿ ಮನಸ್ಸು ಮಾಡಿ ಕೊಟ್ಟದ್ದು ಬೇರೆ, ಕೆಲಸಗಾರ ಕೇಳಿ ಪಡೆಯುವುದು ಬೇರೆ. ಕೇಳುವುದಕ್ಕೆ ಹೊರಟವರಿಗೆ ಏನಾಯಿತು ಎಂಬುದನ್ನೂ ಮಕ್ಕಳಿಗೆ ತಿಳಿಸಬೇಕು.

2000ನೇ ಇಸವಿಯಲ್ಲಿ ಟೆಕ್ಸಸ್‌ನ ಜಾಕ್ಸನ್‌ವಿಲ್‌ನ ಅಂಗಡಿಯಲ್ಲಿ ಮಾಂಸ ಕತ್ತರಿಸುವ ಹತ್ತು ಮಂದಿ ಮತ ಹಾಕಿ, 7-3ರಿಂದ ಕಾರ್ಮಿಕ ಸಂಘ ಸೇರಲು ತೀರ್ಮಾನಿಸಿದರು. ಕೆಲವೇ ದಿನಗಳಲ್ಲಿ ಕಂಪನಿಯು ಸುಮಾರು 180 ಅಂಗಡಿಗಳಲ್ಲಿ ಮಾಂಸ ಕತ್ತರಿಸುವುದನ್ನೇ ನಿಲ್ಲಿಸಿ, ಪ್ಯಾಕ್ ಆಗಿ ಬರುವ ಮಾಂಸ ಮಾರುವುದಾಗಿ ಪ್ರಕಟಿಸಿತು. ಇದು ಮೊದಲೇ ಆಗಿದ್ದ ನಿರ್ಧಾರ ಎಂದು ಅವರು ಹೇಳಿಕೊಂಡರು. ಇರಬಹುದು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜಾಂಕಿಯೇರ್‌ನಲ್ಲಿ 2004ರಲ್ಲಿ ನೌಕರರ ಸಂಘಕ್ಕೆ ಮಾನ್ಯತೆ ಸಿಕ್ಕಿತು. 2005ರಲ್ಲಿ, ಮೊದಲ ಒಪ್ಪಂದ ಕುದುರುವ ಮೊದಲೇ, ಅಂಗಡಿಯ ಬಾಗಿಲು ಮುಚ್ಚಿತು. ಸುಮಾರು 190 ಮಂದಿ ಕೆಲಸ ಕಳೆದುಕೊಂಡರು. ಅದು ಕಾನೂನಿನ ಉಲ್ಲಂಘನೆ ಎಂದು ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು 2014ರಲ್ಲಿ. ಒಂಬತ್ತು ವರ್ಷ ಕಾದು ಪಡೆದ ನ್ಯಾಯದಿಂದ ಆ ಊರಿನ ಅಂಗಡಿಯೇನೂ ಮತ್ತೆ ತೆರೆಯಲಿಲ್ಲ.

2008ರ ಡಿಸೆಂಬರ್‌ನಲ್ಲಿ, ಲೆಕ್ಕಕ್ಕೆ ಹಿಡಿಯದೆ ಕೆಲಸ ಮಾಡಿಸಿದರು, ಊಟದ ಬಿಡುವು ಕೊಡಲಿಲ್ಲ ಎಂಬಂಥ ಆರೋಪಗಳ 63 ದಾವೆಗಳನ್ನು ವಾಲ್‌ಮಾರ್ಟ್ ರಾಜಿಯಲ್ಲಿ ಮುಗಿಸಿತು. ಕೊಡಲು ಒಪ್ಪಿದ ಮೊತ್ತ ಕನಿಷ್ಠ 35.2 ಕೋಟಿ ಡಾಲರ್. ಇನ್ನೂ ಒಂದು ಸಂಗತಿ. ಆಹಾರಕ್ಕೂ ಚಿಕಿತ್ಸೆಗೂ ಸರ್ಕಾರದ ನೆರವು ಪಡೆಯುತ್ತಿರುವ ದುಡಿಯುವ ಜನ ಎಲ್ಲೆಲ್ಲಿ ಕೆಲಸಕ್ಕಿದ್ದಾರೆ ಎಂದು ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2020ರಲ್ಲಿ ಕೆಲವು ರಾಜ್ಯಗಳ ಅಂಕಿಅಂಶ ತೆಗೆದು ನೋಡಿದಾಗ, ಮುಂಚೂಣಿಯ ಹೆಸರುಗಳಲ್ಲಿ ವಾಲ್‌ಮಾರ್ಟ್ ಇತ್ತು. ಅತಿ ದೊಡ್ಡ ಉದ್ಯೋಗದಾತನ ಹೆಸರು ಅಂಥ ಪಟ್ಟಿಯಲ್ಲಿ ಬರುವುದು ಸಹಜ ಎಂದು ವಾದಿಸಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೆ ಆಹಾರದ ನೆರವಿನ ಆ ದುಡ್ಡಿನಲ್ಲಿ ದೊಡ್ಡದೊಂದು ಪಾಲು ಖರ್ಚಾಗುವುದೂ ಅದೇ ಅಂಗಡಿಗಳ ಬಿಲ್ಲಿಂಗ್ ಕೌಂಟರಿನಲ್ಲಿ. ಸರ್ಕಾರ ಕೊಡುವ ನೆರವು ಒಂದು ಕಡೆಯಿಂದ ಸಂಬಳದ ಕೊರತೆ ತುಂಬಿ, ಇನ್ನೊಂದು ಕಡೆಯಿಂದ ಗಲ್ಲಾಪೆಟ್ಟಿಗೆ ತುಂಬುತ್ತದೆ.

ನನ್ನ ಅಂಗಡಿಯಲ್ಲಿ ಇಬ್ಬರು ಹುಡುಗರಿದ್ದಾರೆ. ದೀಪಾವಳಿಗೆ ಅವರಿಗೆ ಬೋನಸ್ ಕೊಡುವಾಗ ನನಗೂ ಕೈ ಹಿಡಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಹೇಳುತ್ತೇನೆ, ಗೋಡೆಯ ಮೇಲೆ ಬರೆದ ಧ್ಯೇಯ ನೋಡಿ ನೌಕರರ ಸ್ಥಿತಿಯನ್ನು ಊಹಿಸಬೇಡಿ. ಹಾಜರಿ ಪುಸ್ತಕ ನೋಡಿ.

ಪ್ರಶ್ನೆ ಕೇಳಿದವರಿಂದ
ವಾಣಿಜ್ಯ ಉಪನ್ಯಾಸಕಿ, ದಾವಣಗೆರೆ

ಮೂವರಿಗೂ ಧನ್ಯವಾದಗಳು. ಒಂದು ಉಪಪ್ರಶ್ನೆ. ಸದಸ್ಯರಾದವರಿಗೆ ಸಗಟಾಗಿ ಮಾರುವ ಅಮೆರಿಕದ ಕಾಸ್ಟ್‌ಕೋ ಕಂಪನಿಯು ಒಳ್ಳೆಯ ಸಂಬಳ ಕೊಟ್ಟೂ ಅಗ್ಗಕ್ಕೆ ಮಾರುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಗ್ರಾಹಕರ ಹಿತಕ್ಕೂ ನೌಕರರ ಹಿತಕ್ಕೂ ತಿಕ್ಕಾಟವೇ ಇಲ್ಲ ಎಂದಾಗುವುದಿಲ್ಲವೇ?

ಉತ್ತರ 4
ನಿವೃತ್ತ ಲೆಕ್ಕಪರಿಶೋಧಕ, ಮೈಸೂರು

ಮೇಡಂ, ಒಳ್ಳೆಯ ಹೋಲಿಕೆ, ಆದರೆ ಎಚ್ಚರಿಕೆಯಿಂದ ಬಳಸಬೇಕು. ಕಾಸ್ಟ್‌ಕೋ ತನ್ನ ನೀತಿಯನ್ನು ಒಂದು ಕ್ರಮದಲ್ಲಿ ಬರೆದಿಟ್ಟುಕೊಂಡಿದೆ: ಕಾನೂನು ಪಾಲನೆ, ಸದಸ್ಯರ ಹಿತ, ನೌಕರರ ಹಿತ, ಪೂರೈಕೆದಾರರಿಗೆ ಗೌರವ, ಇವನ್ನು ಪಾಲಿಸಿದರೆ ಷೇರುದಾರರಿಗೆ ಪ್ರತಿಫಲ ತಾನಾಗಿ ಬರುತ್ತದೆ ಎಂಬ ನಂಬಿಕೆ. ನೌಕರರ ಹೆಸರು ಅಲ್ಲಿ ಸ್ಪಷ್ಟವಾಗಿ, ಷೇರುದಾರರಿಗಿಂತ ಮುಂಚೆ ಬರುತ್ತದೆ. ಅದು ಕಾಗದದ ಮೇಲೆ ಮಾತ್ರ ಉಳಿದಿಲ್ಲ. 2025ರಲ್ಲಿ ಅಲ್ಲಿನ ಆರಂಭಿಕ ವೇತನ ಗಂಟೆಗೆ 20 ಡಾಲರ್ ಆಯಿತು. ಈ ಕಂಪನಿಯಲ್ಲಿ ಷೇರುದಾರನಾಗುವುದಕ್ಕಿಂತ ನೌಕರನೋ ಗ್ರಾಹಕನೋ ಆಗಿರುವುದೇ ಲೇಸು ಎಂದು ಷೇರುಪೇಟೆಯ ವಿಶ್ಲೇಷಕರೊಬ್ಬರು ಹಿಂದೊಮ್ಮೆ ಗೊಣಗಿದ್ದುಂಟು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಪ್ರಶಂಸಾಪತ್ರ ಬೇಕಿಲ್ಲ.

ಆದರೆ ಅದು ಹೇಗೆ ಸಾಧ್ಯವಾಗುತ್ತದೆ ನೋಡಿ. ವಾಲ್‌ಮಾರ್ಟ್‌ನ ದೊಡ್ಡ ಅಂಗಡಿಯಲ್ಲಿ ಲಕ್ಷಕ್ಕೂ ಹೆಚ್ಚು ಬಗೆಯ ಸರಕು ಇದ್ದರೆ ಕಾಸ್ಟ್‌ಕೋದಲ್ಲಿ ಇರುವುದು ಸುಮಾರು 4,000 ಮಾತ್ರ. ಸರಕನ್ನು ಒಂದೊಂದಾಗಿ ಕಪಾಟಿನಲ್ಲಿ ಜೋಡಿಸುವ ಗೋಜಿಲ್ಲ, ಕಟ್ಟು ಕಟ್ಟಾಗಿ ಬಂದದ್ದು ಹಾಗೆಯೇ ಮಾರಾಟಕ್ಕೆ ನಿಲ್ಲುತ್ತದೆ. ಹೀಗಾಗಿ ಒಬ್ಬ ನೌಕರನ ಒಂದು ಗಂಟೆಗೆ ಅಲ್ಲಿ ನಡೆಯುವ ವ್ಯಾಪಾರ ಹೆಚ್ಚು. ಸರಕಿನ ಮೇಲೆ ಲಾಭ ಅತಿ ಕಡಿಮೆ, ನಿಜವಾದ ಗಳಿಕೆ ಸದಸ್ಯತ್ವದ ಶುಲ್ಕದಿಂದ. ಅಮೆರಿಕದಲ್ಲಿ ಆ ಶುಲ್ಕ 2024ರಿಂದ ವರ್ಷಕ್ಕೆ 65 ಡಾಲರ್. ಶುಲ್ಕ ಕಟ್ಟಿ, ತಿಂಗಳಿಗಾಗುವಷ್ಟು ಒಮ್ಮೆಗೇ ಕೊಂಡು, ಇಟ್ಟುಕೊಳ್ಳಲು ಮನೆಯಲ್ಲಿ ಜಾಗ ಇರುವ ಗಿರಾಕಿ ಅವರಿಗೆ ಬೇಕು. ಸಂಬಳದ ದಿನದವರೆಗೆ ಎಣಿಸಿ ಎಣಿಸಿ ಖರ್ಚು ಮಾಡುವ, ಹತ್ತು ಡಾಲರಿನ ಸಾಮಾನಿಗೆ ಬರುವ ಮನುಷ್ಯ ಹೋಗುವುದು ವಾಲ್‌ಮಾರ್ಟ್‌ಗೆ. ಆದ್ದರಿಂದ ತಿಕ್ಕಾಟ ಇಲ್ಲವೆಂದಲ್ಲ. ಕಾಸ್ಟ್‌ಕೋ ಅದನ್ನು ಗಿರಾಕಿಯ ಆಯ್ಕೆಯಲ್ಲೇ ಅರ್ಧ ಬಗೆಹರಿಸಿಕೊಂಡಿದೆ. ಬಡವರಿಗೆ ಅಗ್ಗವಾಗಿ ಮಾರುವ ಧ್ಯೇಯ ಹೊತ್ತವನಿಗೆ ನೌಕರರ ಸಂಬಳವೇ ಅತಿ ಕಷ್ಟದ ಬಾಬು.

ನಿಮ್ಮ ವಿದ್ಯಾರ್ಥಿನಿಗೆ ನನ್ನ ಉತ್ತರ ಕೇಳಿದರೆ: ಗ್ರಾಹಕರ ಮಟ್ಟಿಗೆ ಆ ಧ್ಯೇಯ ಬಹುಪಾಲು ಈಡೇರಿದೆ. ನೌಕರರ ಮಟ್ಟಿಗೆ, ಅವರ ಕೊರತೆಯಿಂದ ವ್ಯಾಪಾರಕ್ಕೇ ಪೆಟ್ಟು ಬಿದ್ದಾಗ ಮಾತ್ರ ಅದು ಅವರತ್ತ ತಿರುಗಿದೆ.

ಉತ್ತರ 5
ಬೆಂಟನ್‌ವಿಲ್ ನಿವಾಸಿ, ಅರ್ಕಾನ್ಸಾ

ಹಿರಿಯರ ಕೊನೆಯ ಮಾತಿಗೆ ನನ್ನ ಸಹಮತವಿದೆ. ಇದನ್ನು ದೂರದ ದೇಶದ ವಿಷಯವೆಂದು ಮಕ್ಕಳು ಭಾವಿಸದಿರಲಿ ಎಂದು ಒಂದು ಸೇರ್ಪಡೆ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಶೇಕಡ 77ರಷ್ಟು ಪಾಲನ್ನು ಕೊಂಡಿತು. ಇಂತಹ ಆನ್‌ಲೈನ್ ವ್ಯಾಪಾರದಲ್ಲಿ ಮನೆ ಬಾಗಿಲಿಗೆ ಸಾಮಾನು ತಲುಪಿಸುವವರಲ್ಲಿ ಅನೇಕರು ಯಾವ ಕಂಪನಿಯ ವೇತನಪಟ್ಟಿಯಲ್ಲೂ ಇರುವುದಿಲ್ಲ, ಹಾಗಾಗಿ ನೌಕರರಿಗೆ ಏನು ಸಿಕ್ಕಿತು ಎಂಬ ಲೆಕ್ಕದೊಳಗೆ ಅವರು ಬರುವುದೇ ಇಲ್ಲ. ಅಂಥವರಿಗಾಗಿ ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ತಂದಿದೆ. ಅದರ ಪ್ರಕಾರ ಕೆಲಸಗಾರನಿಗೆ ಪಾವತಿಸುವ ಮೊತ್ತದ ಶೇಕಡ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಆ ಕಾನೂನಿನ ಪ್ರತಿಯನ್ನೂ ವಾಲ್‌ಮಾರ್ಟ್‌ನ ವಾರ್ಷಿಕ ವರದಿಯನ್ನೂ ಅಕ್ಕಪಕ್ಕದಲ್ಲಿ ಇಟ್ಟು, ಮನೆ ಬಾಗಿಲಿಗೆ ಬರುವ ಹುಡುಗ ಇವೆರಡರಲ್ಲಿ ಎಲ್ಲಿ ಕಾಣಿಸುತ್ತಾನೆ ಎಂದು ಹುಡುಕಿಸಿದರೆ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಇನ್ನೊಂದು ತರಗತಿಗೆ ಸಾಕಾಗುತ್ತದೆ.