ಒಂದು ತಂಡದಲ್ಲಿ ಹುಲಿ, ಇನ್ನೊಂದರಲ್ಲಿ ಇಲಿ, ತಪ್ಪು ನಂದಾ?

ಕುಂದಾನಗರಿ_ಸೆಂಟರ್:
ಅಣ್ಣಂದಿರಾ, ಒಂದು ಡೌಟು. ಬೆಳಗಾವಿ ಟಿಳಕವಾಡಿ ಕಡೆ ಬಾಸ್ಕೆಟ್‌ಬಾಲ್ ಆಡುತ್ತೇನೆ. 6 ಅಡಿ 3 ಇಂಚು ಇದ್ದೇನೆ, ಹಾಗಾಗಿ ಎಲ್ಲರೂ ರಿಂಗ್ ಕೆಳಗೇ ನಿಲ್ಲಿಸುತ್ತಾರೆ. ಕಾಲೇಜು ತಂಡದಲ್ಲಿ ಚೆನ್ನಾಗಿಯೇ ಆಡಿದ್ದೆ. ಈಗಿನ ತಂಡದಲ್ಲಿ ಇನ್ನೊಬ್ಬ ಎತ್ತರದವನೂ ಅಲ್ಲೇ ಬಂದು ನಿಲ್ಲುತ್ತಾನೆ, ಹೊರಗಿಂದ ಬಾಲ್ ತಂದು ಪಾಸ್ ಮಾಡಬೇಕಾದ ಗಾರ್ಡ್‌ಗಳು ಬಾಲ್ ಕೊಡೋದೇ ಇಲ್ಲ, ಕೊಟ್ಟರೂ ಮೊಣಕಾಲ ಹತ್ತಿರ ಎಸೆಯುತ್ತಾರೆ, ಬಗ್ಗಿ ಎತ್ತೋದರೊಳಗೆ ಇಬ್ಬರು ಮೈಮೇಲೆ.

ಗುಮ್ಮಟದ_ಹುಡುಗ:
ನಿಂದಲ್ಲ ತಮ್ಮಾ. ಬ್ರೂಕ್ ಲೋಪೆಜ್ ನೋಡು. ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ ನಿನ್ನ ಹಾಗೇ ಎತ್ತರದ ಸೆಂಟರ್, ಮೊದಲ 8 ಸೀಸನ್ ರಿಂಗ್ ಹತ್ತಿರವೇ ಆಡಿದ, ಅಷ್ಟೂ ವರ್ಷಕ್ಕೆ ಸೇರಿ ಹಾಕಿದ್ದು ಬರೀ 3 ತ್ರೀ-ಪಾಯಿಂಟರ್ (ದೂರದ ಗೆರೆ ಆಚೆಯಿಂದ ಹಾಕುವ 3 ಅಂಕದ ಬಾಸ್ಕೆಟ್). 2016-17ರಲ್ಲಿ ಆ ಗೆರೆ ಆಚೆ ಹೋಗಿ ನಿಂತ, ಒಂದೇ ಸೀಸನ್‌ಗೆ 134! ಆಮೇಲೆ ಮಿಲ್ವಾಕಿ ತಂಡ. ಅಲ್ಲಿ ತಂಡದ ಸ್ಟಾರ್ ಯಾನಿಸ್ ಒಳಗೆ ನುಗ್ಗುತ್ತಿದ್ದ, ಅವನಿಗೆ ದಾರಿ ಬೇಕಿತ್ತು, ಲೋಪೆಜ್ ಹೊರಗೆ ನಿಂತರೆ ಲೋಪೆಜ್‌ನನ್ನು ಕಾಯುವ ಎದುರಾಳಿ ಎತ್ತರದವನೂ ಹೊರಗೆ ಬರಲೇಬೇಕಿತ್ತು ಅಲ್ವಾ? 2021ರಲ್ಲಿ ಚಾಂಪಿಯನ್ ಆದರು. ಲೋಪೆಜ್‌ಗೆ ರಿಬೌಂಡ್ (ಗುರಿ ತಪ್ಪಿದ ಬಾಲ್ ಹಿಡಿಯೋದು) ಕಮ್ಮಿ ಅಂತ ಸುಮ್ನೆ ಅಂಕಿ ನೋಡಿ ಬೈಯೋರಿಗೆ ಇದು ಕಾಣಲ್ಲ.

ಬಾಗಲಕೋಟೆ_ಬೆಂಚು:
ಎಲ್ಲಾ ಗಾರ್ಡ್ ತಲೆಗೆ ಕಟ್ಟಬೇಡ ಮಾರಾಯ. ಸ್ಕ್ರೀನ್ ಹಾಕಿದ (ಗಾರ್ಡ್‌ನ ಎದುರಾಳಿಗೆ ಅಡ್ಡ ನಿಂತ) ಮೇಲೆ ರಿಂಗ್ ಕಡೆ ತಿರುಗಿ ಓಡಿ ಕೈ ಎತ್ತುತ್ತೀಯಾ, ಇಲ್ಲಾ ಕಂಬದ ಹಾಗೆ ನಿಲ್ಲುತ್ತೀಯಾ? ಕೈ ಕಾಣದಿದ್ದರೆ ಬಾಲ್ ಮೊಣಕಾಲಿಗೇ ಬರೋದು. ಇನ್ನೊಬ್ಬನಿಗೆ ಫ್ರೀ ಥ್ರೋ ಗೆರೆ ಹತ್ತಿರ ನಿಲ್ಲು ಅನ್ನು. ಇಬ್ಬರೂ ಒಳಗಿದ್ದರೆ, 3 ಸೆಕೆಂಡ್‌ಗಿಂತ ಹೆಚ್ಚು ರಿಂಗ್ ಕೆಳಗೆ ನಿಂತ ತಪ್ಪಿಗೆ ರೆಫರಿ ಸೀಟಿ ಬೇರೆ.

ಕುಂದಾನಗರಿ_ಸೆಂಟರ್:
ಕಂಬ ಅಂದಿದ್ದು ನಿಜ ರೀ 😅 ಭಾನುವಾರ ಕೈ ಎತ್ತಿ ನೋಡುತ್ತೇನೆ. ಆದ್ರೆ ಆ ಇನ್ನೊಬ್ಬ ನಮ್ಮ ಕ್ಯಾಪ್ಟನ್, ಅವನಿಗೆ ಹೇಳೋರು ಯಾರು?