ಮಿಷನ್ ಕೊಡೋರು ಇದಾರೆ, ಸಂಬಳ ಕೊಡೋರು ಯಾರು?

ಕೆರೆಏರಿ_ಕೋಲಾರ:
ನಮ್ಮಪ್ಪಂಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಕೋಲಾರ ಟೌನಲ್ಲೇ ಒಂದು ಟ್ರಸ್ಟ್‌ನೋರು ನಡೆಸೋ ಸೆಂಟರ್‌ಗೆ ಹೋಗ್ತೀವಿ, ಹೆಸ್ರು ಬೇಡ ಬಿಡಿ, ಒಳ್ಳೆ ಜನಾನೇ. ಹೋದ್ವರ್ಷ ಯಾವ್ದೋ ಕಂಪ್ನಿಯೋರು ಎರಡು ಹೊಸ ಮಿಷನ್ ಕೊಟ್ರು, ಟೇಪು, ಫೋಟೋ, ಲಾಡು ಎಲ್ಲಾ ಆಯ್ತು. ಒಂದಕ್ಕೆ ಇನ್ನೂ ಪ್ಲಾಸ್ಟಿಕ್ ಕವರ್ ಬಿಚ್ಚಿಲ್ಲ, ಅದ್ರ ಮೇಲೆ ಸಿಸ್ಟರ್ ಬೆಡ್‌ಶೀಟ್ ಮಡಚಿಡ್ತಾರೆ. ಕೇಳಿದ್ರೆ ಟೆಕ್ನೀಷಿಯನ್ ಇಲ್ಲ ಸಾರ್ ಅಂತಾರೆ.

ನರಸಾಪುರ ಸೆಕೆಂಡ್ ಶಿಫ್ಟ್:
ಸಂಬಳದ ಮೇಲೆ ಕಂಪ್ನಿ ಹೆಸ್ರಿನ ಸ್ಟಿಕರ್ ಅಂಟಿಸಕ್ಕಾಗಲ್ವಲ್ಲ ಗುರು

ಲೆಕ್ಕದ ಮೇಷ್ಟ್ರು:
ಕಂಪ್ನಿಗಳನ್ನ ಬೈಯೋದು ಸುಲಭ. ದೊಡ್ಡ ಕಂಪ್ನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜದ ಕೆಲ್ಸಕ್ಕೆ, ಅಂದ್ರೆ ಸಿಎಸ್‌ಆರ್‌ಗೆ ಹಾಕ್ಬೇಕು ಅಂತ 2013ರ ಕಂಪ್ನಿ ಕಾಯ್ದೆ ಇದೆ ನಿಜ, ಆದ್ರೆ ಆಡಳಿತ ವೆಚ್ಚ ಅದ್ರಲ್ಲಿ 5% ದಾಟಂಗಿಲ್ಲ. ಸಂಬಳ ಎಲ್ಲಿಂದ ತರ್ತಾರೆ?

ಮಾಲೂರು ಅಕ್ಕ:
ಮೇಷ್ಟ್ರೇ ಆ 5% ಕಂಪ್ನಿ ತನ್ನ ಸಿಎಸ್‌ಆರ್ ಆಫೀಸ್ ನಡೆಸೋ ಖರ್ಚಿಗೆ. ಪ್ರಾಜೆಕ್ಟಲ್ಲೇ ಕೆಲ್ಸ ಮಾಡೋ ಟೆಕ್ನೀಷಿಯನ್ ಸಂಬಳ ಪ್ರಾಜೆಕ್ಟ್ ಖರ್ಚೇ, ಅದಕ್ಕೆ ಈ ಮಿತಿ ಇಲ್ಲ. ನಾನು ಇಂಥ ಪ್ರಪೋಸಲ್ ಬರೆದು ಬರೆದು ಸಾಕಾಗಿರೋಳು. ಶುರು ಮಾಡಿದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸೋ ಪ್ರಾಜೆಕ್ಟ್ ಅಂತ ತೋರ್ಸಕ್ಕೂ ರೂಲ್ಸಲ್ಲಿ ಅವಕಾಶ ಇದೆ. ಆದ್ರೆ ಫೋನ್ ಬರೋದು ಫೆಬ್ರವರಿ ಕೊನೇಲಿ, ಮಾರ್ಚ್ 31ರೊಳಗೆ ಬಿಲ್ ಬೇಕು ಮೇಡಂ ಅಂತ. ಒಂದು ತಿಂಗ್ಳಲ್ಲಿ ಬಿಲ್ ಆಗೋದು ಮಿಷನ್‌ಗೆ ಮಾತ್ರ.

ಬಂಗಾರಪೇಟೆ ಲೋಕಲ್:
ನೀರಿನ ಮಾತು ಯಾರೂ ಎತ್ತಿಲ್ಲ. ಡಯಾಲಿಸಿಸ್ ಮಿಷನ್ನಿಗೆ ನಿಮಿಷಕ್ಕೆ ಅರ್ಧ ಲೀಟರ್ ಅಂದ್ರೆ ನಾಲ್ಕು ಗಂಟೆಗೆ ಒಬ್ರಿಗೆ 120 ಲೀಟರ್ ಶುದ್ಧ ನೀರು. ನಮ್ ಬೋರ್‌ವೆಲ್ ನೀರು ಗೊತ್ತಲ್ಲ, ಟೀ ಪಾತ್ರೆ ತಳದಲ್ಲಿ ಬೆಳ್ಳಗೆ ಕಟ್ಕೊಳ್ಳುತ್ತೆ, ಆ ನೀರು ಸೋಸೋ ಆರ್‌ಒ ಮೆಂಬ್ರೇನ್ ಕಥೆ ಕೇಳ್ಬೇಡಿ. ಮೆಂಬ್ರೇನ್‌ಗೆ ದಾನ ಕೊಟ್ಟೋರ್ನ ನಾನಂತೂ ನೋಡಿಲ್ಲ.

ಲೆಕ್ಕದ ಮೇಷ್ಟ್ರು:
5% ವಿಷ್ಯ ತಪ್ಪು ಹೇಳ್ದೆ ಅಕ್ಕ, ಒಪ್ಕೊಂಡೆ. ಆದ್ರೂ ದಾನದ ದುಡ್ಡು ಡಯಾಲಿಸಿಸ್‌ಗೆ ಸುರಿಯೋದಕ್ಕಿಂತ ಬಿಪಿ ಶುಗರ್ ಟೆಸ್ಟಿಗೆ, ಮಾತ್ರೆಗೆ ಹಾಕೋದು ಮೇಲು. ಕಿಡ್ನಿ ಹೋಗೋದು ಜಾಸ್ತಿ ಅವೆರಡ್ರಿಂದಾನೇ. 2022ರಲ್ಲಿ ಸರ್ಕಾರ ಶುರು ಮಾಡಿದ ‘ನಮ್ಮ ಕ್ಲಿನಿಕ್’ ಅನ್ನೋ ಕ್ಲಿನಿಕ್‌ಗಳಲ್ಲಿ ಇದೆಲ್ಲ ಫ್ರೀ, ಅಲ್ಲಿಗೆ ಜನಾನ ಕರ್ಕೊಂಡ್ ಹೋಗೋರು ಬೇಕು ಅಷ್ಟೇ.

ಕೆರೆಏರಿ_ಕೋಲಾರ:
ಸರಿ ಮೇಷ್ಟ್ರೇ, ಆದ್ರೆ ನಮ್ಮಪ್ಪಂದು ಹೋಗಿಯಾಯ್ತಲ್ಲ.

ಲೆಕ್ಕದ ಮೇಷ್ಟ್ರು:
ಕ್ಷಮ್ಸಿ. ಆ ಅರ್ಥದಲ್ಲಿ ಹೇಳ್ಲಿಲ್ಲ.

ನರಸಾಪುರ ಸೆಕೆಂಡ್ ಶಿಫ್ಟ್:
ನಾವೇ ನೂರು ಜನ ತಿಂಗ್ಳಿಗೆ 200 ಹಾಕಿದ್ರೆ? 20,000 ಆಗುತ್ತೆ. ದಾನಕ್ಕೆ ಟ್ಯಾಕ್ಸ್ ವಿನಾಯಿತಿ ರಸೀದಿನೂ ಸಿಗುತ್ತೆ.

ಮಾಲೂರು ಅಕ್ಕ:
ಹೊಸ ಟ್ಯಾಕ್ಸ್ ಪದ್ಧತಿಲಿ ಇರೋರಿಗೆ ಆ ವಿನಾಯಿತಿ ಇಲ್ಲಪ್ಪ. ಜನ ಎರಡು ತಿಂಗ್ಳು ಕೊಟ್ಟು ಮೂರನೇದಕ್ಕೆ ಫೋನ್ ಎತ್ತಲ್ಲ, ನೋಡಿದೀನಿ. ಬ್ಯಾಂಕಲ್ಲಿ ಆಟೋ ಡೆಬಿಟ್ ಹಾಕ್ಸಿ, ಆಗ ನಂಬ್ತೀನಿ. ಮೊದ್ಲು ಟ್ರಸ್ಟ್‌ನೋರನ್ನ ಕೇಳಿ, ಟೆಕ್ನೀಷಿಯನ್‌ಗೆ ಎಷ್ಟು ಕೊಡ್ತಾರೆ, ಮೆಂಬ್ರೇನ್ ಎಷ್ಟು ತಿಂಗ್ಳಿಗೆ ಬದಲಾಯಿಸ್ತಾರೆ ಅಂತ.

ಕೆರೆಏರಿ_ಕೋಲಾರ:
ನಾಳೆ ಬೆಳಿಗ್ಗೆ 6ಕ್ಕೆ ಅಪ್ಪನ ಸರದಿ. ಕೇಳ್ಕೊಂಡ್ ಬಂದು ಇಲ್ಲೇ ಹಾಕ್ತೀನಿ. ಆ ಪ್ಲಾಸ್ಟಿಕ್ ಕವರ್ ಫೋಟೋನೂ.